ಕರಡಿಗೆಯ ಪಕ್ಕದ ಗಂಟು

ಅಂತರಸಂತೆಯ ಶಿವರುದ್ರಮ್ಮನಿಗೆ ಮೈಸೂರಿನ ಡಾಕ್ಟರೊಬ್ಬರು ಒಂದು ಉತ್ತರ ಬಾಕಿ ಉಳಿಸಿಕೊಂಡಿದ್ದಾರೆ. ಐವತ್ನಾಲ್ಕನೇ ಇಸವಿಯ ಬಾಕಿ ಅದು. ಇವತ್ತಿಗೂ ತೀರಿಲ್ಲ.

ಮೀಯುವಾಗ ಎಡಮೊಲೆಯಲ್ಲಿ ಗಂಟು ಕೈಗೆ ಸಿಕ್ಕಿತು. ಅವರೆಕಾಳಿನಷ್ಟು; ನೋವಿಲ್ಲ. ಕೊರಳಿನ ಲಿಂಗದ ಕರಡಿಗೆ ತೂಗಿ ಕೂರುವುದೂ ಅಲ್ಲೇ. ಓರಗಿತ್ತಿ ಮಂಗಳಗೌರಿಗೆ ತೋರಿಸಿದಳು.

"ಬೆಳ್ಳಿ ಕರಡಿಗೆ ಒತ್ತಿ ಒತ್ತಿ ಅಂಗಾಗ್ಯದೆ ಕಣಕ್ಕ. ಬಲಗಡೀಕೆ ಸರಿಸ್ಕೊ."

ಸರಿಸಿಕೊಂಡಳು. ಶಿವ ಬಲಕ್ಕೆ ಹೋದ; ಗಂಟು ಎಡಕ್ಕೇ ಕೂತು ಹುಣಸೆಬೀಜದಷ್ಟಾಯಿತು. ದೇವರ ಮೇಲೆ ಸಿಟ್ಟು ಮಾಡಬೇಕೋ ಹರಕೆ ಹೊರಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಕೊನೆಗೆ ಗಂಡ ಪುಟ್ಟಮಲ್ಲಪ್ಪ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಅಮುಕಿ ನೋಡಿದ್ದು ಅವಳನ್ನು, ಮಾತಾಡಿದ್ದು ಅವನ ಜೊತೆ. ಹೊರಗೆ ಜಗಲಿಯ ಮೇಲೆ ಕೂತು ಕೇಳಿದಳು:

"ಏನಂದ್ರು?"

"ಏನೂ ಇಲ್ಲ. ಗಂಟಂತೆ. ಕುಯ್ದು ತೆಗೀತಾರಂತೆ."

"ಏನೂ ಇಲ್ದಿದ್ರೆ ಏನ ಕುಯ್ತಾರೆ?"

ಪುಟ್ಟಮಲ್ಲಪ್ಪ ನೆಲ ನೋಡಿದ. "ಕ್ಯಾನ್ಸರ್ ಅಂದ್ರು ಕಣಮ್ಮಿ. ಅಂಗಂದ್ರೇನು ಅಂತ ಕೇಳಕ್ಕೆ ನಾಚ್ಕೆ ಆಯ್ತು."

"ಮೊಲೆ ನಂದು. ನಾಚ್ಕೆ ನಿಮಗ್ಯಾಕೆ?"

ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಮುದುಕಿ ಕಿಸಕ್ಕನೆ ನಕ್ಕಳು. ಪುಟ್ಟಮಲ್ಲಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ಗೊತ್ತಾಗಲಿಲ್ಲ.

ಅವಳ ತಲೆಯಲ್ಲಿ ಇದ್ದದ್ದು ಮಗಳು ಸುನಂದ. ಮಿಡ್ಲ್‌ಸ್ಕೂಲಿಗೆ ಹೋಗುತ್ತಿದ್ದ ಹುಡುಗಿ. ಕೃಷ್ಣರಾಜನಗರದ ಕಡೆಯ ಗಂಡಿನವರು ಆಗಲೇ ಎರಡು ಸಲ ಬಂದು ಕೇಳಿ ಹೋಗಿದ್ದರು. ತಾನು ಸಾಯುವುದಾದರೆ ಈ ಬೇಸಿಗೆಯಲ್ಲೇ ಧಾರೆ ಎರೆಯಬೇಕು. ಬದುಕುವುದಾದರೆ ಹುಡುಗಿ ಓದಿಕೊಳ್ಳಲಿ. ಯಾವುದು?

ಆಪರೇಷನ್ನಿನ ದಿನ ನರ್ಸಮ್ಮ ಕರಡಿಗೆಗೆ ಕೈ ಹಾಕಿ, "ಇದನ್ನ ತೆಗೀಬೇಕು" ಅಂದಳು.

"ತೆಗೆಯೋದು ಅದನ್ನಲ್ಲ ಕಣವ್ವ, ಪಕ್ಕದ್ದ. ಒಳಗಿರೋರ್ಗೂ ವಸಿ ಹೇಳ್ಬುಡು."

ನರ್ಸಮ್ಮ ನಕ್ಕು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅವಳ ಬಲಗೈಗೇ ಕಟ್ಟಿದಳು.

ಹೊಲಿಗೆ ಬಿಚ್ಚಿದ ದಿನ ಶಿವರುದ್ರಮ್ಮ ಡಾಕ್ಟರನ್ನು ನೇರವಾಗಿ ಕೇಳಿದಳು: "ಬುದ್ಧಿ, ನಾನು ಬದುಕ್ತೀನಾ? ಮಗಳ ಮದ್ವೆ ವಿಸ್ಯ ಅದೆ, ಅದಕ್ ಕೇಳ್ತಿವ್ನಿ."

ಡಾಕ್ಟರು ಪುಟ್ಟಮಲ್ಲಪ್ಪನ ಕಡೆ ತಿರುಗಿ, "ಇವರಿಗೆ ಧೈರ್ಯ ಹೇಳಿ" ಅಂದು ಮುಂದಿನ ಮಂಚಕ್ಕೆ ಹೋದರು.

ಧೈರ್ಯ ಹೇಳಿ ಎಂದರೆ ಏನರ್ಥ? ಪುಟ್ಟಮಲ್ಲಪ್ಪ ಸಾವು ಎಂದೇ ಅರ್ಥ ಮಾಡಿಕೊಂಡ. ಅವಳು ಒಂದು ದಿನ ಹಾಗೆ, ಒಂದು ದಿನ ಹೀಗೆ ಅಂದುಕೊಂಡು, ಕೊನೆಗೆ ಮದುವೆಗೆ ಹೂಂ ಅಂದಳು. ವೈಶಾಖದಲ್ಲಿ ಸುನಂದಳ ಮದುವೆ ಮುಗಿಯಿತು.

ಐದು ವರ್ಷವಾಯಿತು. ಶಿವರುದ್ರಮ್ಮ ಕಳೆ ಕೀಳುತ್ತಾಳೆ, ಸಂತೆಗೆ ಹೋಗುತ್ತಾಳೆ. ಬಾವಿಕಟ್ಟೆಯಲ್ಲಿ ಹೆಂಗಸರು ಕದ್ದು ನೋಡಿದರೆ ಅವಳೇ ಸೆರಗು ಸರಿಸಿ ತೋರಿಸುತ್ತಾಳೆ: "ಒಂದ್ ಕಡೆ ಖಾಲಿ ಆಯ್ತು ನೋಡ್ರವ್ವ. ಸಿವ ಈಗ ಕಾಲು ಚಾಚ್ಕಂಡ್ ಕೂತವ್ನೆ."

ಆದರೆ ಎರಡು ಕೂಸು ಕಟ್ಟಿಕೊಂಡು ತವರಿಗೆ ಬರುವ ಸುನಂದ, "ಸಾಯ್ತೀನಿ ಅಂತ ನನ್ನ ದಬ್ಬುದ್ರಿ. ನೀನು ಗುಂಡುಕಲ್ಲಂಗಿದ್ದೀಯಲ್ಲವ್ವ!" ಅಂದಾಗ ಮಾತ್ರ ಅವಳಿಗೆ ತಮಾಷೆ ಹೊಳೆಯುವುದಿಲ್ಲ.

"ಆ ಡಾಕ್ಟ್ರು ಗೊತ್ತಿಲ್ಲ ಅಂದಿದ್ರೂ ಸಾಕಿತ್ತು ಕಣವ್ವ. ನಿನ್ ಮದ್ವೆ ತಡೀತಿದ್ದೆ."

ನಾಳೆ ನಿಮ್ಮ ಮನೆಯ ಹೆಂಗಸಿನ ಜೊತೆ ಆಸ್ಪತ್ರೆಯಲ್ಲಿ ಕೂರುವವರು ನೀವು. ಅವಳ ಕಾಯಿಲೆಯನ್ನು ಡಾಕ್ಟರು ನಿಮಗೆ ಹೇಳಲು ಹೊರಟರೆ, "ಅವಳಿಗೆ ಹೇಳಿ" ಅನ್ನಿ. ಅನ್ನುತ್ತೀರೋ, ನೀವೂ ನಾಚಿಕೊಂಡು ನೆಲ ನೋಡುತ್ತೀರೋ? ಈಗಲೇ ಹೇಳಿ.