ನೀನು ಕೊಂಡಿ ಹಾಕಿದ್ದೆ

—ಮಧ್ಯಾಹ್ನವಿರಲಿಕ್ಕಿಲ್ಲ, ಸಂಜೆಯೇ ಇರಬೇಕು. ಚಂದಾಪುರದಿಂದ ಮರಳಿ ಬಂದಾಗ ನಿನ್ನ ಕೈಯಲ್ಲಿ ಚೀಲವಿತ್ತೋ ಇಲ್ಲವೋ, ಅದೂ ಈಗ ಖಾತ್ರಿಯಿಲ್ಲ. ಆ ದಿನದ ಬಗ್ಗೆ ನನ್ನ ತಲೆಯಲ್ಲಿರುವ ಯಾವುದನ್ನೂ ನಾನು ಪೂರ್ತಿ ನಂಬುವುದಿಲ್ಲ. ಒಂದನ್ನು ಬಿಟ್ಟು. ನಿನ್ನ ಆಮೆ ತಪ್ಪಿಸಿಕೊಂಡು ಹೋಗಲಿಲ್ಲ, ಅಕ್ಕಾ. ನೀನು ಅದರ ಬಾಗಿಲಿಗೆ ಕೊಂಡಿ ಹಾಕಿಯೇ ಹೋಗಿದ್ದೆ. ತೆಗೆದಿಟ್ಟವನು ನಾನು.

ದಂಡೋತಿಯ ಗಂಡನ ಮನೆ ಬಿಟ್ಟು ಶಹಾಬಾದಿಗೆ ನಮ್ಮ ಮನೆಗೆ ಬಂದಾಗ ನೀನು ತಂದದ್ದು ಒಂದು ಟ್ರಂಕು, ಮತ್ತು ತೊಗರಿ ಹೊಲದಲ್ಲಿ ಸಿಕ್ಕ ಆ ಚುಕ್ಕೆಚಿಪ್ಪಿನ ಆಮೆ. ಟ್ರ್ಯಾಕ್ಟರಿನ ಗಾಲಿ ತಾಗಿ ಅದರ ಚಿಪ್ಪಿನ ಅಂಚು ಒಡೆದಿತ್ತು; ನೀನು ಅರಿಶಿಣ ಮೆತ್ತಿ ಉಳಿಸಿಕೊಂಡಿದ್ದೆ. ಯಾರು ಕೂಗಿದರೂ ತಿರುಗಿ ನೋಡುವುದಿಲ್ಲವೆಂದು ‘ಸಾಹೇಬ’ ಎಂದು ಕರೆಯುತ್ತಿದ್ದೆ. ಗಂಡನ ಮನೆಯವರು ನಿನ್ನನ್ನು ಜರೆಯುತ್ತಿದ್ದುದು ನನಗೆ ಗೊತ್ತಿತ್ತು — ಹಾಲು ಉಕ್ಕಿಸುವವಳು, ಬಾಗಿಲು ತೆರೆದಿಟ್ಟು ಹೋಗುವವಳು, ತಲೆಯಲ್ಲಿ ಏನೂ ನಿಲ್ಲದವಳು. ಗೊತ್ತಿದ್ದೂ...

ಹಿತ್ತಲಲ್ಲಿ ಅದಕ್ಕೊಂದು ಆವರಣ ಕಟ್ಟಿಕೊಡಲು ಕೇಳಿದ್ದೆ ನೀನು. ಬೇವಿನ ನೆರಳು, ಅಡ್ಡ ಮಲಗಿಸಿದ ಒಡೆದ ಗಡಿಗೆ, ಆಳವಿಲ್ಲದ ತಾಟಿನಲ್ಲಿ ನೀರು, ನಾಯಿ ಮುಂಗುಸಿ ಬಾರದಂತೆ ಮೇಲೆ ತಂತಿಯ ಜಾಳಿಗೆ, ಕೆಳಗೆ ಬರೀ ಮಣ್ಣು. ನಾನು ಆ ಮಣ್ಣಿನ ಮೇಲೆ ಪರಸಿಗಲ್ಲು ಹಾಸಿದೆ. ನಮ್ಮ ಕಡೆ ನೆಲಕ್ಕೂ ಗೋಡೆಗೂ ಮಾಳಿಗೆಗೂ ಕಲ್ಲೇ. ಬರೀ ಮಣ್ಣು ಕಂಡರೆ ಕೆಲಸ ಅರ್ಧಕ್ಕೆ ನಿಂತಿದೆ ಅನ್ನಿಸುತ್ತದೆ. ಸಂದಿಗಳಿಗೆ ಸಿಮೆಂಟು ತುಂಬಿದೆ. ನೀನು ನೋಡಿ ನಕ್ಕೆ.

“ಏನೋ ಇದು, ಬಚ್ಚಲಮನಿ ಕಟ್ಟೀಯಲ್ಲೋ! ಸಾಹೇಬ್ರಿಗೆ ದಿನಾ ಜಳಕ ಮಾಡಸ್ತೀಯೇನು?”

“ಮಣ್ಣಿದ್ರ ತೋಡಕೊಂಡು ಹೊರಗ ಹೋಗ್ತದ, ಅಕ್ಕಾ.”

“ಹೋಗಾಕಲ್ಲೋ ಹುಚ್ಚಪ್ಪಾ, ತಂಪಿಗಿ ತೋಡ್ತದ ಅದು. ಕಲ್ಲ ತೆಗಿ.”

“ಬ್ಯಾಸಗಿ ಬರೂದ್ರಾಗ ತೆಗೀತೀನಿ ತಗೋ.”

ತೆಗೆಯಲಿಲ್ಲ. ಬೇಸಗೆ ಬಂತು. ನೀನು ದಿನವೂ ಜಾಳಿಗೆಯ ಮೇಲೆ ಒದ್ದೆ ಗೋಣಿತಟ್ಟು ಹಾಸುತ್ತಿದ್ದೆ. ಚಂದಾಪುರಕ್ಕೆ ಹೊಲಿಗೆ ಕಲಿಸುವ ಕೆಲಸ ಕೇಳಲು ಹೊರಟ ಬೆಳಿಗ್ಗೆ, “ತಟ್ಟ ಒಣಗಗೊಡಬ್ಯಾಡ” ಎಂದು ಹೇಳಿ ಹೋದೆ. ನಾನು ಹೂಂ ಅಂದೆ. ಕೂಲರಿನ ಮುಂದೆ ಮಲಗಿದೆ.

ಎದ್ದು ನೋಡಿದಾಗ ತಟ್ಟು ಗಾಳಿಗೆ ಸರಿದು ಬಿದ್ದಿತ್ತು — ಅಥವಾ ನಾನು ಹಾಸಿರಲೇ ಇಲ್ಲವೋ. ಗಾಳಿಯನ್ನು ಆಮೇಲೆ ಸೇರಿಸಿಕೊಂಡಿರಬಹುದು. ಬೇವಿನ ನೆರಳು ಗೋಡೆಯಾಚೆ ಹೋಗಿತ್ತು. ಕಲ್ಲು ಅಂಗೈ ಇಡಲಾಗದಷ್ಟು ಕಾದಿತ್ತು. ಆಮೆ ಮೂಲೆಯಲ್ಲಿತ್ತು, ಕುತ್ತಿಗೆ ಹೊರಗೆ ಜೋತುಬಿದ್ದು. ಮುಂಗಾಲಿನ ಉಗುರುಗಳು ಸವೆದು ರಕ್ತವಾಗಿದ್ದವು. ಸಿಮೆಂಟಿನ ಸಂದಿಯ ಮೇಲೆ ಬಿಳಿ ಗೀರುಗಳು. ಅದು ತೋಡಿತ್ತು — ತೋಡಲು ನೋಡಿತ್ತು.

ನೀರು ಹಾಕಿದೆನೇ? ನೆರಳಿಗೆ ಒಯ್ದೆನೇ? ಹಾಕಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಎಷ್ಟು ಹುಡುಕಿದರೂ ಆ ನೆನಪಿನಲ್ಲಿ ಕೊಡ ಸಿಗುವುದಿಲ್ಲ. ಸಿಗುವುದು ಸಿಮೆಂಟಿನ ಖಾಲಿ ಚೀಲ. ಆಮೆಯನ್ನು ಅದರೊಳಗೆ ಹಾಕಿ, ಬಾಯಿ ಕಟ್ಟಿ, ಸ್ಕೂಟರಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು, ವಾಡಿ ದಾರಿಯ ಹಾಳುಬಿದ್ದ ಕಲ್ಲುಗಣಿಗೆ ಹೋದೆ. ಬೇಸಗೆಯಲ್ಲೂ ಬತ್ತದ ನೀರು. ಎಸೆದೆ. ಮನೆಗೆ ಬಂದು ಆವರಣದ ಕೊಂಡಿ ತೆಗೆದು ಬಾಗಿಲು ಅರ್ಧ ತೆರೆದಿಟ್ಟೆ.

“ಅಕ್ಕಾ, ನೀ ಹೋಗಬೇಕಾದ್ರ ಕೊಂಡಿ ಹಾಕಿದ್ದೇನು?”

ನೇರವಾಗಿ ಸುಳ್ಳು ಹೇಳುವಷ್ಟು ಧೈರ್ಯವೂ ಇರಲಿಲ್ಲ, ಕೇಳಿದೆ.

“ಹಾಕಿದ್ನೆಪ್ಪಾ.” ನೀನು ತೆರೆದ ಬಾಗಿಲನ್ನು ನೋಡಿದೆ. “ಹಾಕಿದ್ನಲಾ... ಹಾಕಿದ್ನೇನು?”

ಓಣಿಯ ಗಟಾರ, ಮುಳ್ಳುಕಂಟಿ, ಎಲ್ಲ ಕಡೆ ನೀನು ಬಗ್ಗಿ ಬಗ್ಗಿ ಹುಡುಕಿದೆ; ನಿನ್ನ ಹಿಂದೆ ನಾನೂ. ಸಾಹೇಬಾ ಎಂದು ನಾನು ಕೂಗಿದೆ ಕೂಡ. ಕತ್ತಲಾಗುವಾಗ ನೀನು ಹಿತ್ತಲ ಕಟ್ಟೆಯ ಮೇಲೆ ಕುಳಿತು ಅಂದೆ: “ಅವ್ರು ಅಂತಿದ್ದದ್ದು ಖರೇನ ಅದ ನೋಡು.”

ಇಲ್ಲ ಎಂದು ಹೇಳಬೇಕಿತ್ತು. ಆಗಲೇ. ಅಲ್ಲೇ.

ಆಮೇಲೆ ನೀನು ಬೀಗ ಹಾಕಿ ಮತ್ತೆ ಮತ್ತೆ ಜಗ್ಗಿ ನೋಡತೊಡಗಿದೆ. ಗ್ಯಾಸು ಬಂದ್ ಮಾಡಿ, ನನ್ನ ಹೆಂಡತಿಯನ್ನು ಕರೆದು ತೋರಿಸುತ್ತೀ, ಇಂದಿಗೂ. ಚಂದಾಪುರದ ಕೆಲಸ ಸಿಕ್ಕರೂ ನೀನು ಹೋಗಲಿಲ್ಲ. ನನ್ನ ಮಗಳು ಹುಟ್ಟಿದಾಗ ಎತ್ತಿಕೊಳ್ಳಲಿಲ್ಲ — “ಬ್ಯಾಡಪ್ಪ, ಎಲ್ಯಾರ ಇಟ್ಟು ಮರ್ತಬಿಡ್ತೀನಿ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಥ ಆಮೆಯನ್ನು ಮನೆಯಲ್ಲಿ ಸಾಕುವುದೇ ಕಾನೂನಿಗೆ ವಿರುದ್ಧ ಎಂದು ಎಷ್ಟೋ ದಿನದ ಮೇಲೆ ತಿಳಿದಾಗ, ನಿನ್ನನ್ನು ಉಳಿಸಿದೆ ಎಂದು ಕೂಡ ಅಂದುಕೊಂಡೆ. ಅಷ್ಟು ಕೆಳಗಿಳಿದಿದ್ದೆ.

ಇದನ್ನೆಲ್ಲ ಬರೆದಿಟ್ಟಿದ್ದೇನೆ; ನಿನ್ನ ಎದುರು ಕುಳಿತು ಓದುತ್ತೇನೆ. ಓದಿ ಮುಗಿಸಿದಾಗ ನೀನು ಕೊಂಡಿಯ ಮಾತು ಎತ್ತುವುದಿಲ್ಲ. ಎಸೆಯುವಾಗ ಅದಕ್ಕೆ ಜೀವ ಇತ್ತೇನೋ ಎಂದು ಕೇಳುತ್ತೀ. ದಾರಿಯಲ್ಲಿ ಚೀಲ ಒಮ್ಮೆ ನನ್ನ ಕಾಲಿಗೆ ತಾಗಿತು. ರಸ್ತೆಯ ತಗ್ಗಿಗೋ, ಒಳಗಿನಿಂದಲೋ — ನಾನು ಗಾಡಿ ನಿಲ್ಲಿಸಲಿಲ್ಲ. ಚೀಲ ಬಿಚ್ಚಿ ನೋಡಲಿಲ್ಲ. ಅದು ಸತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ ಅಕ್ಕಾ.