ಸಂಜೆಯ ಶೋಧನೆಯಲ್ಲಿ ಬಿಟ್ಟ ಗಳಿಗೆ

ರೇಷ್ಮೆಹುಳು ಸತ್ತದ್ದು ನನ್ನಿಂದ. ಸೊಸೆಯಿಂದಲ್ಲ.

ಇಷ್ಟು ಹೇಳಲು ನನಗೆ ಒಂಬತ್ತು ದಿನ ಬೇಕಾಯಿತು. ಅದೂ ದಿನಾ ಸಂಜೆ ಮಂಡಿಯೂರಿ ಆತ್ಮಶೋಧನೆ ಮಾಡುವ ಹೆಂಗಸು ನಾನು.

ಪಾದ್ರಿಗಳು ಕಲಿಸಿದ ಪದ್ಧತಿ ಅದು. ಸಂಜೆ ಗಂಟೆ ಹೊಡೆದ ಮೇಲೆ ಮನೆಯವರೆಲ್ಲ ಶಿಲುಬೆಯ ಮುಂದೆ ಕೂತು, ಕೋಳಿ ಕೂಗಿದಾಗಿನಿಂದ ನಡೆದದ್ದನ್ನು ದೇವರ ಮುಂದೆ ಬಿಚ್ಚಬೇಕು. ಸಿಕ್ಕಿದ್ದಕ್ಕೆ ಸ್ತೋತ್ರ, ತಪ್ಪಿದ್ದಕ್ಕೆ ಕ್ಷಮೆ, ನಾಳೆ ತಿದ್ದಿಕೊಳ್ಳುವುದೇನು ಎಂಬ ಒಂದು ಮಾತು. ನಮ್ಮಲ್ಲಿ ಬಾಯಿಬಿಟ್ಟೇ ಹೇಳುತ್ತೇವೆ. (ನನ್ನದು ಎಲ್ಲರಿಗಿಂತ ಉದ್ದ. ಬೇರೆಯವರ ತಪ್ಪೂ ಸೇರುತ್ತದಲ್ಲ.)

ಸೊಸೆ ಅನ್ನಮ್ಮನಿಗೆ ಹೋದ ತಿಂಗಳು ಸತ್ತ ಕೂಸು ಹುಟ್ಟಿತ್ತು. ಅಂಥವಳು ಹುಳುಮನೆಗೆ ಕಾಲಿಟ್ಟರೆ ಹುಳು ಉಳಿಯುವುದಿಲ್ಲ ಎನ್ನುವುದು ನಮ್ಮ ಕಡೆಯ ಮಾತು. ಯೇಸುವನ್ನು ನಂಬಿದ ಮನೆಯಲ್ಲೂ ಆ ಮಾತು ಹಾಗೇ ಉಳಿದಿದೆ. ಅವಳನ್ನು ಹೊಸ್ತಿಲ ಆಚೆಯೇ ನಿಲ್ಲಿಸಿದ್ದೆ.

ಸಂತೆಯ ದಿನ ತುಂತುರು ಮಳೆ. ಕ್ಲೋಸ್‌ಪೇಟೆಯ ಸಂತೆಗೆ ಹೊರಟ ಗಾಡಿ ತಪ್ಪೀತೆಂಬ ಆತುರ ನನಗೆ. ಹುಳುವಿನ ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಸುರಿಯುತ್ತಿದ್ದೆ.

“ಅತ್ತೆಮ್ಮ, ಸೊಪ್ಪು ಒದ್ದೆ ಐತೆ. ಒಸಿ ಆರಾಕಿ ಕೊಡಿ, ಇಲ್ದಿದ್ರೆ ಹುಳ ಕೆಡ್ತವೆ,” ಅಂದಳು ಆಚೆಯಿಂದ.

“ನೀನ್ ಸುಮ್ಕಿರು. ನಿನ್ನ ಉಸ್ರೂ ತಾಕ್‌ಬಾರ್ದು,” ಅಂದೆ.

ನಾಲ್ಕನೇ ಜ್ವರ ಎದ್ದು, ಎಂದರೆ ಕೊನೆಯ ಪೊರೆ ಕಳಚಿ, ಇನ್ನೇನು ಗೂಡು ಕಟ್ಟಬೇಕಾಗಿದ್ದ ಹುಳುಗಳು. ಎರಡೇ ದಿನದಲ್ಲಿ ಮೆತ್ತಗಾಗಿ, ಕಪ್ಪಾಗಿ, ನಾರಿದವು. ಗುಂಡಿ ತೋಡಿ ಹೂತೆವು. ಅವಳು ಇಣುಕಿದ್ದೇ ಕಾರಣ ಎಂದೆ. ತಾಯಿಯ ಮಾತು ಮೀರದ ಮಗ (ಅದು ಗುಣವಲ್ಲ, ರೋಗ) ಅವಳನ್ನು ಸಾತನೂರಿನ ತವರಿಗೆ ಬಿಟ್ಟುಬಂದ. ಮತ್ತೆ ಕರೆಯುವ ಮಾತೇ ಇರಲಿಲ್ಲ.

ಮೊನ್ನೆ ಸಂಜೆ ಶೋಧನೆ ಮುಗಿಸಿ ಏಳುವಾಗ ನಮ್ಮ ಯಜಮಾನರು ಕೇಳಿದರು: “ಅಲ್ಲ ಕಣಮ್ಮಿ, ಸಂತೆ ದಿನದ ಆ ಗಳಿಗೆ ಮಾತ್ರ ಯಾಕೆ ದ್ಯಾವ್ರಿಗೆ ಯೋಳ್ಲಿಲ್ಲ?”

“ಯಾವ ಗಳಿಗೆ?”

“ಸೊಪ್ಪು ಹೊತ್ತು ತಂದವ್ನು ನಾನಲ್ವಾ? ನೀರು ನನ್ ಬೆನ್ ಮ್ಯಾಲೆ ಇಳೀತಿತ್ತು.”

“ಮತ್ತೆ ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?”

“ನಿನ್ ಮುಂದೆ ಯಾರು ಬಾಯ್ ಬಿಡ್ತಾರೆ?”

ಅವರ ಮಾತಿನಲ್ಲಿ ಸುಳ್ಳೇನಿತ್ತು? ನಾನು ಮರೆತಿರಲಿಲ್ಲ. ದಿನಾ ಸಂಜೆ ಆ ಗಳಿಗೆ ಬಂದಾಗ ದಾಟಿಬಿಡುತ್ತಿದ್ದೆ, ಕೆಸರು ದಾಟಿದ ಹಾಗೆ. ಕೋಪ ಒಪ್ಪಿಕೊಂಡೆ, ಜಪ ತಪ್ಪಿಸಿದ್ದು ಒಪ್ಪಿಕೊಂಡೆ. ಹಗುರವಾದದ್ದನ್ನೇ ಆರಿಸಿ ದೇವರ ಮುಂದಿಟ್ಟೆ. ನೀವೂ ಹಾಗೇ ಮಾಡುವುದಿಲ್ಲವೇ?

ಮತ್ತೆ ಮಂಡಿಯೂರಿ ಹೇಳಿದೆ. ದೇವರು ಕ್ಷಮಿಸಿರಬಹುದು. ಅವರಿಗೆ ಅದೇನು ಕಷ್ಟದ ಕೆಲಸವಲ್ಲ, ಕೂಸು ಸತ್ತ ತಿಂಗಳೊಳಗೆ ಮನೆಬಿಟ್ಟು ಹೋದದ್ದು ದೇವರಲ್ಲ. ಹೋದವಳು ಸಾತನೂರಿನಲ್ಲಿದ್ದಳು.

ಬೆಳಕು ಹರಿಯುವಾಗ ಗಾಡಿ ಕಟ್ಟಿಸಿ ಹೊರಟೆ. ಅಲ್ಲಿ ಅನ್ನಮ್ಮ ತನ್ನ ತಾಯಿಯ ಹುಳುಮನೆಯ ಒಳಗಿದ್ದಳು. ಸೊಪ್ಪನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಹಾಕುತ್ತಿದ್ದಳು. ಹುಳುಗಳು ಚೆನ್ನಾಗಿ ಮೇಯುತ್ತಿದ್ದವು. ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

“ಒಳಕ್ಕೆ ಬರಬ್ಯಾಡಿ ಅತ್ತೆಮ್ಮ. ಇಲ್ಲೂ ಹುಳ ಅವೆ.”

ಹೊಸ್ತಿಲ ಆಚೆಯೇ ನಿಂತು, ಅಕ್ಕಪಕ್ಕದ ಮನೆಯವರಿಗೂ ಕೇಳುವ ಹಾಗೆ, ಸೊಪ್ಪು ಒದ್ದೆಯಿತ್ತು ಎಂದು ಹೇಳಿದೆ.