ಎರಡಾದ ಮೇಲೆ ತಾಯಿ

ಗೋರೆಗಾಂವ್‌ನ ಚಾಳಿನ ಕೋಣೆಯೊಂದರಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುವ ವಿಜಯಪುರದ ಗುಲಾಫಶಾ ಟೀಚರ್, ಮನೆಗೆ ಯಾರೇ ಬರಲಿ, ಸಲಾಮಿಗಿಂತ ಮೊದಲು "ಕೈ ತೊಳ್ಕೊಂಡ್ರೇನು?" ಎಂದೇ ಕೇಳುವವರು, ತಂಗಿಯನ್ನು ನೋಡಲು ಬಂದ ಗಂಡಿನ ಕಡೆಯವರನ್ನೂ ಸೋಪು ಕೊಟ್ಟು ನಲ್ಲಿಯ ಮುಂದೆ ಸಾಲಾಗಿ ನಿಲ್ಲಿಸಿದ್ದರೆಂದು ಚಾಳಿನವರು ಇಂದಿಗೂ ಹೇಳುತ್ತಾರೆ. ಲೋಕಲ್ ರೈಲಿನಲ್ಲಿ ಎಷ್ಟೇ ನೂಕಾಟವಿರಲಿ, ದುಪಟ್ಟಾದ ತುದಿ ಸುತ್ತದೆ ಹಿಡಿಕೆ ಮುಟ್ಟುವವರಲ್ಲ. ಆದರೆ ಬ್ಯಾಕ್ಟೀರಿಯಾದ ಪಾಠ ಬಂತೆಂದರೆ ಆ ವೈರಿಗಳ ಮೇಲೆಯೇ ಅವರಿಗೆ ಅಕ್ಕರೆ ಉಕ್ಕುತ್ತದೆ. ಚಪಾತಿಯ ಕಣಕದ ಉಂಡೆಯೊಂದನ್ನು ಉದ್ದಕ್ಕೆ ಎಳೆದು, "ಗಂಡಿಲ್ಲ, ಹೆಣ್ಣಿಲ್ಲ, ನಿಕಾಹ್‌ದ ಗದ್ದಲಿಲ್ಲ. ಮೊದಲ ತನ್ನ ಡಿಎನ್‌ಎದ ನಕಲು ಮಾಡ್ತದ, ಆಮ್ಯಾಲ ನಡುವ ಗೋಡಿ ಕಟ್ಟಿ ಎರಡಾಗ್ತದ" ಎಂದು ಹರಿದು ತೋರಿಸುತ್ತಾರೆ. ಈ ವರ್ಷವೂ ಮಕ್ಕಳು ನಕ್ಕರು. ಶೀತಲ ಮಾತ್ರ ನಗಲಿಲ್ಲ. ಹೆರಿಗೆಯಾದ ಮೇಲೆ ನಂಜೇರಿ ಅವಳ ತಾಯಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ; ಮಣ್ಣು ಮಾಡಿದ ದಿನವೂ ಹುಡುಗಿ ಅತ್ತಿರಲಿಲ್ಲ. ಎರಡು ತುಂಡುಗಳನ್ನೇ ನೋಡುತ್ತ, "ಟೀಚರ್, ಫಿರ್ ಮಮ್ಮಿ ಎಲ್ಲಿ ಹೋದ್ಲು?" ಎಂದಳು. 'ಸತ್ತಿಲ್ಲವ್ವಾ, ತಾನ ಎರಡು ಮಕ್ಕಳಾಗೇದ' ಎಂಬ ಪ್ರತಿವರ್ಷದ ಉತ್ತರ ಟೀಚರ್ ನಾಲಿಗೆಯ ತುದಿಗೆ ಬಂದು ನಿಂತಿತು. ಈ ಹುಡುಗಿಗೆ ಅದು ಸುಳ್ಳು ಸಮಾಧಾನವಾದೀತು ಅನಿಸಿತು. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, "ಬ್ಯಾಕ್ಟೀರಿಯಾದ ಅವ್ವ ಸಾಯಂಗಿಲ್ಲ, ಬೇಟಾ. ನಮ್ಮ ಅವ್ವ ಸಾಯ್ತಾಳ" ಎಂದರು. ಶೀತಲಳಿಗೆ ಒಮ್ಮೆಲೇ ಅಳು ಒಡೆದು ಬಂತು. ಪರೀಕ್ಷೆ ಹತ್ತಿರವಿದ್ದರೂ ಟೀಚರ್ ಪಾಠವನ್ನು ಅರ್ಧಕ್ಕೇ ಬಿಟ್ಟು, ಆ ಅಳು ಮುಗಿಯುವವರೆಗೂ ಅವಳ ಬೆನ್ನು ಸವರುತ್ತ ಕುಳಿತರು.